ತಿಪಟೂರಿನ ಹನ್ನೊಂದು ಕೆಂಪು ಚುಕ್ಕೆ

ಬೆಂಗಳೂರಿನಿಂದ ತಿಪಟೂರಿಗೆ ರೈಲಲ್ಲಿ ಎರಡೂವರೆ ಗಂಟೆ, ಸ್ವಲ್ಪ ಹೆಚ್ಚುಕಮ್ಮಿ. ತುಮಕೂರು ದಾಟಿ ಗುಬ್ಬಿ ಬಂತು ಅಂದ್ರೆ ಕಿಟಕಿಯ ಎರಡೂ ಕಡೆ ತೆಂಗು ಶುರು. ಊರು ಹತ್ತಿರ ಬರ್ತಾ ಬರ್ತಾ ಗಾಳಿಗೇ ಒಂದು ಎಣ್ಣೆ ವಾಸನೆ. ಹೊರಗಿನವರಿಗೆ ಅದು ವಾಸನೆ, ನಮಗೆ ಮನೆ. ನೆಂಟರು ಬಂದರೆ ತೋರಿಸೋಕೆ ನಮ್ಮೂರಲ್ಲಿ ಇರೋದು ನಾಲ್ಕೈದೇ: ಎಪಿಎಂಸಿಯ ಕೊಬ್ಬರಿ ಮಾರುಕಟ್ಟೆ, ಗ್ರಾಮದೇವತೆ ಕೆಂಪಮ್ಮನ ಗುಡಿ, ಸತ್ಯಗಣಪತಿ, ಸಂಜೆ ಹೊತ್ತಿಗೆ ಕೆರೆ ಏರಿ. ಟೈಮ್ ಇದ್ರೆ ಹತ್ಯಾಳು ಬೆಟ್ಟ. ಇದಿಷ್ಟೂ ಗೂಗಲ್ ಮ್ಯಾಪಲ್ಲಿ ಸಿಗುತ್ತೆ.

ನಾನು ಹೇಳಹೊರಟಿರೋದು ಗೂಗಲ್ಲಲ್ಲಿ ಸಿಗದ ಒಂದು ಮ್ಯಾಪ್ ಬಗ್ಗೆ. ಅದನ್ನ ಬರೆದಿದ್ದು ನನ್ನ ಅಣ್ಣ, ಲಾಂಗ್ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಮೇಲೆ. ಮಧ್ಯದಲ್ಲಿ ದಪ್ಪಗೆ ಬಿ.ಎಚ್. ರೋಡ್, ಅಂದ್ರೆ ಬೆಂಗಳೂರು–ಹೊನ್ನಾವರ ರಸ್ತೆ. ಒಂದು ಕಡೆ ಮಂಡಿ, ಇನ್ನೊಂದು ಕಡೆ ನಮ್ಮ ಮನೆ. ನಡುವೆ ಹನ್ನೊಂದು ಕೆಂಪು ಚುಕ್ಕೆ, ಆರು ಹಸಿರು ಚುಕ್ಕೆ. ಕೆಂಪು ಅಂದ್ರೆ ಕುಡಿತದ ಕಡೆ ಎಳೆಯೋ ಜಾಗ.

ಅಣ್ಣನನ್ನ ಕೇಳಿಯೇ ಇದನ್ನ ಬರೀತಿದ್ದೀನಿ. "ನನ್ನ ಹೆಸರು ಹಾಕ್ಬೇಡ, ಊರ ಹೆಸರು ಹಾಕು" ಅಂದ.

ಹನ್ನೊಂದು ಚುಕ್ಕೆ ಅಂದ್ರೆ ಹನ್ನೊಂದು ಬಾರ್ ಅಂದ್ಕೊಂಡಿರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಬಾರು, ವೈನ್ ಶಾಪು ಎಲ್ಲ ಸೇರಿ ನಾಲ್ಕೇ. ಉಳಿದ ಏಳರಲ್ಲಿ ಒಂದು ಎಟಿಎಂ. ಒಂದು ಬೇಕರಿ, ಸಂಜೆ ಏಳಕ್ಕೆ ಅಲ್ಲಿ ಸೇರೋ ನಾಲ್ಕು ಜನ ಎಂಟಕ್ಕೆ ಎಲ್ಲಿರ್ತಾರೆ ಅಂತ ಊರಿಗೇ ಗೊತ್ತು. ಮಾರ್ಕೆಟ್ ಹಿಂದಿನ ಬೇವಿನ ಮರ. ಬಸ್‌ಸ್ಟ್ಯಾಂಡ್ ಹತ್ತಿರದ ಮೊಟ್ಟೆ ಗಾಡಿ. ಒಂದು ಕಟಿಂಗ್ ಶಾಪ್. ಒಂದು ಚುಕ್ಕೆ ಮಂಡಿಯ ಒಳಗೇ ಇದೆ, ಅವನು ಕೂರೋ ಗಾದಿ ಮೇಲೆ. ಹನ್ನೊಂದನೇದು ನಮ್ಮ ಮನೆ, ಮಹಡಿ ರೂಮು. ಆ ಚುಕ್ಕೆ ಇಡುವಾಗ ಅವನ ಪೆನ್ನು ಬಹಳ ಹೊತ್ತು ನಿಂತಿತ್ತು ಅಂತ ಅತ್ತಿಗೆ ಹೇಳ್ತಾರೆ.

ಇದು ಶುರುವಾಗಿದ್ದು ಕೊಬ್ಬರಿ ಬಿದ್ದ ವರ್ಷ. ನಿಮಗೆ ನೆನಪಿರಬಹುದು, 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು, ಮಾರುಕಟ್ಟೆ ದರ ಅದರ ಹತ್ತಿರವೂ ಬರಲಿಲ್ಲ. ತೆಂಗಿನಕಾಯಿನ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಪೂರ್ತಿ ಇಂಗಿ, ಕಾಯಿ ಅಲ್ಲಾಡಿಸಿದರೆ ಕೊಬ್ಬರಿ ಕುಲುಕೋವರೆಗೆ ಕಾದ ರೈತ ಹರಾಜಿನ ದಿನ ರೇಟ್ ಕೇಳಿ ಸುಮ್ಮನೆ ನಿಂತುಬಿಡ್ತಿದ್ದ. ರೈತರಿಗೆ ಮುಂಗಡ ಕೊಟ್ಟಿದ್ದ ಅಣ್ಣನಂಥ ಮಂಡಿಯವರ ದುಡ್ಡೂ ಅವರ ಜೊತೆ ಮುಳುಗಿತು.

ಅಂಥ ಒಂದು ದಿನ ಹರಾಜಿನ ಮಧ್ಯೆ ಅಣ್ಣನಿಗೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಕೈ ಜೋಮು ಹಿಡೀತು, ಉಸಿರು ಸಿಗಲಿಲ್ಲ, ಮೈಯೆಲ್ಲ ಬೆವರು. ಹಾರ್ಟ್ ಅಟ್ಯಾಕ್ ಅಂತಲೇ ಹಮಾಲರು ಎತ್ತಿಕೊಂಡು ಹೋದ್ರು. ಇಸಿಜಿ ನಾರ್ಮಲ್. ಹದಿನೈದು ದಿನ ಬಿಟ್ಟು ಮತ್ತೆ ಹಾಗೇ ಆಯ್ತು, ಮತ್ತೆ ನಾರ್ಮಲ್. ಯಾರೋ ಹಿತೈಷಿ ಹೇಳಿದರು, "ಏನಿಲ್ಲ, ಟೆನ್ಷನ್ನು. ಒಂದು ನೈಂಟಿ ಹಾಕು, ಸರಿ ಹೋಗುತ್ತೆ."

ಸರಿ ಹೋಯ್ತು. ಅದೇ ತೊಂದರೆ ಆಗಿದ್ದು. ನೈಂಟಿ ಹಾಕಿದ ಹತ್ತು ನಿಮಿಷಕ್ಕೆ ಎದೆ ತಣ್ಣಗಾಯ್ತು. ಆದರೆ ಕುಡಿದದ್ದು ಇಳಿಯೋವಾಗ ಬರೋ ನಡುಕ, ಬೆವರು, ಎದೆಬಡಿತ ಇದೆಯಲ್ಲ, ಅದು ಮೊದಲಿನ ಭಯದ ತದ್ರೂಪು. ಬೆಳಗ್ಗೆ ಎದ್ದರೆ ಅದು ಕುಡಿತ ಇಳಿದ ನಡುಕವೋ ಪ್ಯಾನಿಕ್ಕೋ ಗೊತ್ತಾಗಲ್ಲ. ಎರಡಕ್ಕೂ ಅವನ ಹತ್ತಿರ ಇದ್ದದ್ದು ಒಂದೇ ಔಷಧ. ಆರು ತಿಂಗಳಲ್ಲಿ ನೈಂಟಿ ಕ್ವಾರ್ಟರ್ ಆಯ್ತು, ಕ್ವಾರ್ಟರ್ ಹಾಫ್ ಆಯ್ತು. ಸಂಜೆ ಇದ್ದದ್ದು ಬೆಳಗಿನ ಏಳು ಗಂಟೆಗೆ ಬಂತು.

ನಿಮ್ಹಾನ್ಸ್‌ಗಿಂತ ಮೊದಲು ಅವನನ್ನ ಇನ್ನೊಂದು ಕಡೆ ಸೇರಿಸಿದ್ರು. ಊರಿಂದ ಸ್ವಲ್ಪ ದೂರದ ಒಂದು ಕೇಂದ್ರ. ಸಂಬಂಧಿಕರು ಹೇಳಿದ್ದು, ಅಮ್ಮ ಒಪ್ಪಿದ್ದು. ಅಲ್ಲಿ ಮೊದಲ ದಿನವೇ ಕುಡಿತ ಪೂರ್ತಿ ಬಂದ್. ಮಾತ್ರೆ ಇಲ್ಲ, ಡಾಕ್ಟರ್ ಇಲ್ಲ, ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ಬುದ್ಧಿಮಾತು. ಎರಡನೇ ದಿನ ಫಿಟ್ಸ್ ಬಂತು. ದಿನಾ ಜೋರಾಗಿ ಕುಡಿಯೋ ಮನುಷ್ಯ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡೀಬಹುದು, ಜೀವಕ್ಕೇ ಅಪಾಯ ಆಗಬಹುದು. ಮನೇಲಿ ರೂಮಿಗೆ ಹಾಕಿ ಬೀಗ ಜಡಿದು ಬಿಡಿಸ್ತೀವಿ ಅನ್ನೋರು ಇದನ್ನ ದಯವಿಟ್ಟು ಎರಡು ಸಲ ಓದಿ.

ಹಾಗಾಗಿ 2024ರ ಮಳೆಗಾಲದಲ್ಲಿ ನಾವು ಹೊಸೂರು ರೋಡಿನ ಆ ಗೇಟಿನ ಮುಂದೆ ಇಳಿದ್ವಿ.

ನಮ್ಮ ಕಡೆ ಬೈಗುಳದಲ್ಲೂ ಆ ಗೇಟಿಗೆ ಜಾಗ ಇದೆ. "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಅಂತ ಕಾಲೇಜಲ್ಲಿ, ಆಫೀಸಲ್ಲಿ, ವಾಟ್ಸಾಪ್ ಗ್ರೂಪಲ್ಲಿ ಎಷ್ಟು ಸಲ ಕೇಳಿದ್ದೀವಿ. ಬಸ್ಸಲ್ಲಿ ಕಂಡಕ್ಟರ್ "ನಿಮ್ಹಾನ್ಸ್ ಯಾರ್ರೀ" ಅಂದಾಗ ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಎದ್ದು ನಿಂತು, "ನಾವು. ಮೂರು ಜನ" ಅಂದ್ರು.

ಒಳಗೆ ಹೋದ್ರೆ ಮರಗಳು. ಹೊರಗೆ ಡೇರಿ ಸರ್ಕಲ್, ಲಕ್ಕಸಂದ್ರದ ಉದ್ದಕ್ಕೂ ಮೆಟ್ರೋ ಕಾಮಗಾರಿಯ ಧೂಳು, ಹಾರ್ನು. ಗೇಟ್ ದಾಟಿ ನೂರು ಹೆಜ್ಜೆ ನಡೆದ್ರೆ ಕಾಗೆ ಕೂಗೋದು ಕೇಳಿಸುತ್ತೆ. ಬೆಂಗಳೂರಿನ ಹುಚ್ಚಾಸ್ಪತ್ರೆಯ ಇತಿಹಾಸ 19ನೇ ಶತಮಾನದ್ದು. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನ ತೆಗೆದು ಮಾನಸಿಕ ಆಸ್ಪತ್ರೆ ಅಂತ ಮಾಡಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಅದು ಈ ಜಾಗಕ್ಕೆ ಬಂತು. 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. ಎರಡೂ ಸೇರಿ 1974ರ ಡಿಸೆಂಬರ್‌ನಲ್ಲಿ ನಿಮ್ಹಾನ್ಸ್ ಆಯ್ತು. ಆ ಅಖಿಲ ಭಾರತ ಸಂಸ್ಥೆಯ ಮೊದಲ ನಿರ್ದೇಶಕ ಡಾ. ಎಂ.ವಿ. ಗೋವಿಂದಸ್ವಾಮಿ ನಮ್ಮ ಮೈಸೂರು ಸೀಮೆಯವರು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿ ಮೊದಲು ಶುರುವಾಗಿದ್ದು 1955ರಲ್ಲಿ, ಇದೇ ಮರಗಳ ಕೆಳಗೆ. ಅಂದ್ರೆ ಅಣ್ಣನ ಎದುರು ನೋಟ್‌ಬುಕ್ ಹಿಡಿದು ಕೂತ ಆ ಮೇಡಂನ ಕಸುಬಿಗೆ ನಮ್ಮ ದೇಶದಲ್ಲಿ ತವರುಮನೆ ಅಂತ ಒಂದಿದ್ರೆ ಇದೇ. ಕಾಯೋ ಬೆಂಚಿನ ಮೇಲೆ ಕೂತು ಫೋನಲ್ಲಿ ನಾನು ಇದನ್ನೆಲ್ಲ ಓದಿದೆ. ಕಾಯೋಕೆ ಟೈಮ್ ಬೇಕಾದಷ್ಟಿರುತ್ತೆ, ಅದಕ್ಕೆ ತಯಾರಾಗಿಯೇ ಹೋಗಿ.

ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಕೆಲವು ವಾರ ಇದ್ದ. ಮೊದಲ ವಾರ ಮಾತುಕತೆ ಏನೂ ಇಲ್ಲ. ನಡುಕ, ಫಿಟ್ಸ್ ತಡೆಯೋಕೆ ಮಾತ್ರೆ, ಥಯಾಮಿನ್ ಇಂಜೆಕ್ಷನ್, ನಿದ್ದೆ. ಅತ್ತಿಗೆ ಜೊತೆಗಿದ್ರು, ನಾನು ಆಫೀಸ್ ಮುಗಿಸಿ ಊಟ ತಗೊಂಡು ಹೋಗ್ತಿದ್ದೆ. "ಪ್ಯಾನಿಕ್‌ಗೆ ಏನೂ ಕೊಡ್ತಿಲ್ವಾ ಡಾಕ್ಟ್ರೇ?" ಅಂತ ಅತ್ತಿಗೆ ಕೇಳಿದ್ರು. ಕುಡಿತ ನಿಂತು ಕೆಲವು ವಾರ ಆಗೋವರೆಗೂ ಕಾದು ನೋಡ್ತೀವಿ ಅಂದ್ರು. ಎಷ್ಟೋ ಜನರಿಗೆ ಕುಡಿತ ಬಿಟ್ಟ ಮೇಲೆ ಆತಂಕ, ಬೇಸರ ತಾನಾಗಿ ಇಳಿಯುತ್ತಂತೆ. ಅಣ್ಣನಿಗೆ ಇಳೀಲಿಲ್ಲ. ಮೂರನೇ ವಾರ, ಒಂದು ಹನಿ ಒಳಗಿಲ್ಲದಾಗ, ವಾರ್ಡಿನ ಕಾರಿಡಾರಲ್ಲೇ ಎದೆ ಹೊಡ್ಕೊಳ್ತು. ಆಗ ಖಾತ್ರಿಯಾಯ್ತು, ಕಾಯಿಲೆ ಎರಡು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಒಂದನ್ನ ಮುಟ್ಟಿ ಇನ್ನೊಂದನ್ನ ಬಿಟ್ಟರೆ, ಬಿಟ್ಟದ್ದು ಮುಟ್ಟಿದ್ದನ್ನ ವಾಪಸ್ ಎಳ್ಕೊಂಡು ಬರುತ್ತೆ. ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ನಿನ್ನ ಭಯ ನೋಡೋಣ ಅಂತ ಕಳಿಸೋ ಕಾಲ ಇತ್ತಂತೆ. ಈಗಲೂ ಕೆಲವು ಕಡೆ ಇದೆ.

ಆಮೇಲೆ ಮಾತ್ರೆ ಜೊತೆಗೆ ಸಿಬಿಟಿ ಶುರುವಾಯ್ತು. ಪೂರ್ತಿ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಇದರ ಮೂಲ 1960ರ ದಶಕದ ಫಿಲಡೆಲ್ಫಿಯಾ. ಅಲ್ಲಿನ ಮನೋವೈದ್ಯ ಆರನ್ ಬೆಕ್ ಖಿನ್ನತೆಗೆ ಅಂತ ಕಟ್ಟಿದ ಪದ್ಧತಿ, 1993ರಲ್ಲಿ ಜೊತೆಗಾರರೊಂದಿಗೆ ಅದನ್ನ ವ್ಯಸನಕ್ಕೂ ಹೊಂದಿಸಿ ಪುಸ್ತಕ ಬರೆದರು. ಅದಕ್ಕೂ ಮುಂಚೆ ಸಿಯಾಟಲ್‌ನ ಅಲನ್ ಮಾರ್ಲಟ್, ಬಿಟ್ಟವರು ಮತ್ತೆ ಕುಡಿತಕ್ಕೆ ಬೀಳೋದು ಹೇಗೆ, ಎಲ್ಲಿ, ಯಾವಾಗ ಅಂತ ಹುಡುಕಿಕೊಂಡು ಹೋಗಿದ್ರು. ಹೆಸರುಗಳು ದೂರದವು. ಕೆಲಸ ಮಾತ್ರ ಮಂಡಿ ಲೆಕ್ಕದ್ದು.

ನಿಜವಾಗಲೂ ಮಂಡಿ ಲೆಕ್ಕವೇ. ಮೊದಲ ಸೆಷನ್‌ನಲ್ಲಿ ಮೇಡಂ ಡೈರಿ ಬರೀರಿ ಅಂದಾಗ ಅಣ್ಣ, "ನಂಗೆ ಅದೆಲ್ಲ ಬರಲ್ಲ ಮೇಡಂ" ಅಂದನಂತೆ. "ಅಂಗಡಿ ಕಿರ್ದಿ ಯಾರು ಬರೀತಾರೆ?" "ನಾನೇ." "ಹಾಗಾದ್ರೆ ಇದಕ್ಕೂ ಒಂದು ಕಿರ್ದಿ ಬರೀರಿ ಸರ್." ಎಷ್ಟು ಹೊತ್ತಿಗೆ, ಎಲ್ಲಿ, ತಲೇಲಿ ಏನು ಯೋಚನೆ ಬಂತು, ಎಳೆತ ನೂರಕ್ಕೆ ಎಷ್ಟು, ಆಮೇಲೆ ಏನು ಮಾಡಿದೆ. ಐದು ಕಲಂ. ಇಪ್ಪತ್ತು ವರ್ಷದಿಂದ ಕಲಂ ಎಳೆದು ಬರೆಯೋ ಮನುಷ್ಯನಿಗೆ ಅದರಲ್ಲಿ ಕಷ್ಟ ಇರಲಿಲ್ಲ. ಕಷ್ಟ ಇದ್ದದ್ದು ಮೂರನೇ ಕಲಂನಲ್ಲಿ.

"ಯೋಚನೆ ಏನೂ ಬರಲಿಲ್ಲ, ಕಾಲು ತಾನಾಗೇ ಹೋಯ್ತು" ಅಂತಲೇ ಎರಡು ವಾರ ಬರೆದ. ಮೇಡಂ ಬಿಡಲಿಲ್ಲ. ಕಾಲು ಹೊರಡೋಕೆ ಮುಂಚಿನ ಒಂದು ನಿಮಿಷ ನೆನಪು ಮಾಡ್ಕೊಳ್ಳಿ, ಯಾರು ಏನಂದ್ರು, ನೀವು ನಿಮಗೇ ಏನಂದ್ಕೊಂಡ್ರಿ. ಒಂದೊಂದಾಗಿ ಹೊರಗೆ ಬಂದವು. "ಇವತ್ತು ಹರಾಜು ಕೆಟ್ಟೋಗಿದೆ, ಇವತ್ತೊಂದಿನ." "ಬಿಯರ್ ಏನು ಕುಡಿತಾನಾ?" "ಇಷ್ಟು ದಿನ ಬಿಟ್ಟಿದ್ದೀನಲ್ಲ, ಬೇಕಾದಾಗ ಬಿಡ್ತೀನಿ." "ಮನೇಲಿ ಹೇಗೂ ಯಾರೂ ನಂಬಲ್ಲ." ಇವಕ್ಕೆ ಬೆಕ್ ಪದ್ಧತಿಯಲ್ಲಿ ಪರ್ಮಿಷನ್ ಕೊಡೋ ಯೋಚನೆಗಳು ಅಂತಾರೆ. ಎಳೆತ ಬಂದ ಮಾತ್ರಕ್ಕೆ ಯಾರೂ ಕುಡಿಯಲ್ಲ, ಎಳೆತಕ್ಕೂ ಗ್ಲಾಸಿಗೂ ನಡುವೆ ಇಂಥದ್ದೊಂದು ವಾಕ್ಯ ಬಂದು ಬಾಗಿಲು ತೆಗೆಯುತ್ತೆ. ಅಲ್ಲಿ ಹಿಡೀಬೇಕು.

ಬುದ್ಧಿ ಹೇಳಿ ಆ ವಾಕ್ಯನ ಓಡಿಸೋಕಾಗಲ್ಲ. ಅಮ್ಮ ಎಷ್ಟೋ ದಿನ ಬುದ್ಧಿ ಹೇಳಿದ್ರು. ಇಲ್ಲಿ ಮಾಡಿದ್ದು ವಿಚಾರಣೆ. "ಇವತ್ತೊಂದಿನ ಅಂತ ಕಳೆದ ವರ್ಷ ಎಷ್ಟು ಸಲ ಅಂದ್ಕೊಂಡ್ರಿ? ಅದರಲ್ಲಿ ಎಷ್ಟು ಸಲ ಅದು ಒಂದೇ ದಿನಕ್ಕೆ ನಿಂತಿತು?" ಅಣ್ಣ ಎಣಿಸಿ ಸೊನ್ನೆ ಅಂದ. ಕುಡಿತದ ಜಮಾ ಖರ್ಚು ಕೂಡ ಬರೆಸಿದ್ರು. ಜಮಾ ಕಡೆ ಏನೂ ಇಲ್ಲ ಅಂತ ಸುಳ್ಳು ಬರೆಯೋ ಹಾಗಿಲ್ಲ. ಹತ್ತು ನಿಮಿಷ ಎದೆ ತಣ್ಣಗಾಗುತ್ತೆ, ಜನ ಜೊತೆಗಿರ್ತಾರೆ, ಸಾಲ ಮರೆಯುತ್ತೆ. ಅದನ್ನೂ ಬರೀಬೇಕು. ನನಗೆ ಈ ಚಿಕಿತ್ಸೆ ಮೇಲೆ ಗೌರವ ಬಂದಿದ್ದು ಅಲ್ಲಿ.

ಮ್ಯಾಪ್ ಬಂದಿದ್ದು ಐದನೇ ಸೆಷನ್‌ನಲ್ಲಿ, ಡಿಸ್ಚಾರ್ಜ್ ಹತ್ತಿರ ಬಂದಾಗ. ವಾರ್ಡಲ್ಲಿ ಯಾರು ಬೇಕಾದ್ರೂ ಕುಡಿಯದೆ ಇರಬಹುದು, ವಾಪಸ್ ಹೋಗಬೇಕಾಗಿರೋದು ತಿಪಟೂರಿಗೆ. "ನಿಮ್ಮ ಊರು ನಾನು ನೋಡಿಲ್ಲ, ಬರೆದು ತೋರಿಸಿ" ಅಂದ್ರು ಮೇಡಂ. ಹನ್ನೊಂದು ಕೆಂಪು ಚುಕ್ಕೆ ಮುಗಿದ ಮೇಲೆ ಹಸಿರು ಪೆನ್ನು ಕೊಟ್ರು. ಅದಕ್ಕೆ ಅರ್ಧ ಗಂಟೆ ಹಿಡೀತಂತೆ. ಹುಟ್ಟಿ ಬೆಳೆದ ಊರಲ್ಲಿ ಕುಡಿಯದೆ ಕೂರೋ ಒಂದು ಜಾಗ ಅವನಿಗೆ ನೆನಪಾಗಲಿಲ್ಲ. ಕೊನೆಗೆ ಕೆರೆ ಏರಿ ಬಂತು. ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚು. ಮಗಳ ಸ್ಕೂಲು. ಹಳೇ ಮೇಷ್ಟ್ರ ಮನೆ. ಒಬ್ಬ ಕುಡಿಯದ ಗೆಳೆಯನ ಹಾರ್ಡ್‌ವೇರ್ ಅಂಗಡಿ. ಆರನೇದಕ್ಕೆ ತೋಟ ಬರೆದು, ಪಕ್ಕದಲ್ಲಿ "ಬೆಳಗ್ಗೆ ಮಾತ್ರ" ಅಂತ ಬರೆದ.

ನನಗೆ ಹೆಚ್ಚು ಇಷ್ಟವಾದ ಭಾಗ ಲಾಲ್‌ಬಾಗ್‌ದು.

ಪ್ಯಾನಿಕ್ ಹುಟ್ಟೋ ಬಗೆ ಹೀಗೆ: ಎದೆ ಸ್ವಲ್ಪ ಜೋರಾಗಿ ಬಡಿಯುತ್ತೆ, "ಇದು ಹಾರ್ಟ್ ಅಟ್ಯಾಕೇ" ಅಂತ ತಲೆ ಅನ್ನುತ್ತೆ, ಆ ಭಯಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತೆ, "ನೋಡು, ನಾನು ಹೇಳಲಿಲ್ವಾ" ಅಂತ ತಲೆ ಮತ್ತೆ ಅನ್ನುತ್ತೆ. ಇದನ್ನ ಮುರಿಯೋಕೆ ಬೇಕಂತಲೇ ಎದೆಬಡಿತ ತರಿಸಿಕೊಂಡು, ಏನೂ ಆಗಲ್ಲ ಅಂತ ಮೈಗೇ ಗೊತ್ತು ಮಾಡಿಸಬೇಕು. ಹೃದಯ ಸರಿಯಿದೆ ಅಂತ ಡಾಕ್ಟರು ಖಚಿತ ಮಾಡಿದ ಮೇಲೆ ಮೇಡಂ ರೂಮಲ್ಲೇ ನಿಂತ ಜಾಗದಲ್ಲಿ ಓಡಿಸಿದ್ರು, ಜೋರಾಗಿ ಉಸಿರಾಡಿಸಿದ್ರು. ಹೋಂವರ್ಕ್ ಬೇರೆ: ಮೆಟ್ಟಿಲು ಅಥವಾ ದಿಬ್ಬ ಸಿಕ್ಕಲ್ಲೆಲ್ಲ ಬೇಗ ಬೇಗ ಹತ್ತೋದು, ಮೇಲೆ ಹೋಗಿ ಕೂರದೆ ನಿಲ್ಲೋದು.

ಫಾಲೋಅಪ್‌ಗೆ ಬಂದಾಗೆಲ್ಲ ನಾವು ನಿಮ್ಹಾನ್ಸ್ ಮುಗಿಸಿ ಮರಿಗೌಡ ರಸ್ತೆ ಹಿಡಿದು ಲಾಲ್‌ಬಾಗ್ ಮೇನ್ ಗೇಟಿಗೆ ಹೋಗ್ತಿದ್ವಿ. ಒಳಗೆ ಹೋದ ಕೂಡಲೇ ಆ ದೊಡ್ಡ ಬಂಡೆ, ಮೇಲೆ ಕೆಂಪೇಗೌಡರ ಗೋಪುರ. ಸುಮಾರು 300 ಕೋಟಿ ವರ್ಷ ಹಳೇ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲಿ ಫಲಕ ಇದೆ. ಮೊದಲ ಸಲ ಅಣ್ಣ ಅರ್ಧದಲ್ಲೇ ನಿಂತು ನನ್ನ ಕೈ ಹಿಡ್ಕೊಂಡ. ಅಂಗೈ ಒದ್ದೆ. "ಆಗ್ತಿದೆ ಪುಟ್ಟೀ" ಅಂದ. ಸಮಾಧಾನ ಮಾಡಬೇಡಿ, ನೀರು ಕೊಡಬೇಡಿ, ಸುಮ್ಮನೆ ಜೊತೆಗಿರಿ ಅಂತ ಮೇಡಂ ನನಗೆ ಮೊದಲೇ ಹೇಳಿದ್ರು. ಏನೂ ಮಾಡದೆ ನಿಲ್ಲೋದು ಎಷ್ಟು ಕಷ್ಟ ಅಂತ ಆ ಬಂಡೆ ಮೇಲೆ ಗೊತ್ತಾಯ್ತು. ಪಕ್ಕದಲ್ಲಿ ಪ್ರೀ-ವೆಡ್ಡಿಂಗ್ ಫೋಟೋ ತೆಗೆಸಿಕೊಳ್ತಿದ್ದ ಜೋಡಿ ನಮ್ಮನ್ನೇ ನೋಡ್ತಿತ್ತು. ನಾನು ಮೊಬೈಲಲ್ಲಿ ಗಡಿಯಾರ ಹಿಡಿದಿದ್ದೆ. ಹನ್ನೆರಡು ನಿಮಿಷಕ್ಕೆ ಕೈ ಸಡಿಲ ಆಯ್ತು. "ಹೋಯ್ತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "300 ಕೋಟಿ ವರ್ಷದ ಕಲ್ಲು ಅಂತೀಯ, ಇದರ ಮೇಲೆ ಎಷ್ಟು ಜನ ಸಾಯ್ತೀನಿ ಅಂತ ನಿಂತಿದ್ರೋ" ಅಂದು ನಕ್ಕ. ಆರನೇ ಸಲಕ್ಕೆ ನನಗಿಂತ ಮುಂಚೆ ಹತ್ತಿ ಮೇಲಿಂದ ಕೈ ಬೀಸಿದ.

ಎಳೆತಕ್ಕೂ ಅದೇ ಹನ್ನೆರಡು ನಿಮಿಷದ ಲೆಕ್ಕ. ಅದು ಏರುತ್ತೆ, ತುದಿ ಮುಟ್ಟುತ್ತೆ, ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಜೋರು ಕಮ್ಮಿ ಆಗುತ್ತೆ. ಮಾರ್ಲಟ್ ಇದನ್ನ ಸಮುದ್ರದ ಅಲೆ ಅಂದ್ರು, ಅಲೆ ಮೇಲೆ ತೇಲೋದನ್ನ ಕಲೀರಿ ಅಂತ. ಅಣ್ಣ ಸಮುದ್ರ ನೋಡಿದ್ದು ಒಂದೇ ಸಲ, ಶಾಲೆ ಟ್ರಿಪ್ಪಲ್ಲಿ. ಅವನು ಹೇಳಿದ್ದು ಬೇರೆ: "ರೈಲ್ವೆ ಗೇಟ್ ಹಾಕಿದ್ರೆ ಏನ್ಮಾಡ್ತೀವಿ ಮೇಡಂ? ಗಾಡಿ ಆಫ್ ಮಾಡಿ ನಿಲ್ತೀವಿ. ರೈಲು ಹೋಗ್ಲೇಬೇಕಲ್ಲ." ಮೇಡಂ ಅದನ್ನ ತಮ್ಮ ನೋಟ್‌ಬುಕ್ಕಲ್ಲಿ ಬರ್ಕೊಂಡ್ರಂತೆ.

ಡಿಸ್ಚಾರ್ಜ್ ಆದ ವಾರ ನಾನು ರಜೆ ಹಾಕಿ ಊರಿಗೆ ಹೋದೆ. ಮಂಡಿಯಿಂದ ಮನೆಗೆ ಹೋಗೋಕೆ ಬಿ.ಎಚ್. ರೋಡ್ ಹಿಡಿದ್ರೆ ಎಂಟು ನಿಮಿಷ, ನಾಲ್ಕು ಕೆಂಪು ಚುಕ್ಕೆ. ಹಿಂದಿನ ಬೀದಿಗಳಲ್ಲಿ ಸುತ್ತಿದ್ರೆ ಹದಿನಾರು ನಿಮಿಷ, ಒಂದೇ ಚುಕ್ಕೆ. ಆ ಹದಿನಾರು ನಿಮಿಷದ ದಾರೀಲಿ ನಾನು ಹುಟ್ಟೂರಲ್ಲೇ ನೋಡದ ಎಷ್ಟು ಕಂಡೆ! ಕಾಯಿ ಸುಲಿಯೋ ಹೆಂಗಸರು ಗೋಣಿಚೀಲ ಹಾಸಿ ಕೂತಿದ್ರು. ಚಿಪ್ಪಿನ ರಾಶಿಗಳು ಮನೆಗಿಂತ ಎತ್ತರ. ಒಂದು ಹಳೇ ಅಟ್ಟದ ಮನೆಯಲ್ಲಿ ಕಿಟಕಿಗೆ ಬಾಗಿಲಿಲ್ಲ, ಗಾಳಿಯಾಡಲಿ ಅಂತ. ಅಣ್ಣ ನಡೀತಾ ನಡೀತಾ ಹೇಳ್ತಿದ್ದ, ಇದು ಯಾರ ಅಟ್ಟ, ಎಷ್ಟು ಸಾವಿರ ಕಾಯಿ, ಯಾರ ಮಗ ಬೆಂಗಳೂರಲ್ಲಿ ಸ್ವಿಗ್ಗಿ ಓಡಿಸ್ತಾನೆ.

ಎಟಿಎಂ ಕಾರ್ಡ್ ಅತ್ತಿಗೆ ಹತ್ತಿರ ಹೋಯ್ತು, ಅವನೇ ಕೊಟ್ಟ. ಮಹಡಿ ರೂಮನ್ನ ಮಗಳ ಓದೋ ಕೋಣೆ ಮಾಡಿದ್ರು. ಬೇಡ ಅನ್ನೋದನ್ನೂ ಪ್ರಾಕ್ಟೀಸ್ ಮಾಡಬೇಕು ಅಂತ ಹೋಂವರ್ಕ್ ಇತ್ತು. ನಾನು ಅವನ ಗೆಳೆಯನ ಪಾತ್ರ ಮಾಡಿದೆ. "ಏನಣ್ಣೋ, ದೊಡ್ಡ ಮನುಷ್ಯ ಆಗ್ಬಿಟ್ಟೆ, ನಮ್ ಜೊತೆ ಒಂದು ಬಿಯರ್ ಆಗಲ್ವಾ?" "ಮಾತ್ರೆ ತಗೋತಿದ್ದೀನಿ ಕಣೋ." "ಮಾತ್ರೆ ಯಾವಾಗ ಮುಗಿಯುತ್ತೆ, ಆವಾಗ ಬರ್ತೀನಿ." ಅವನು ಸಿಕ್ಕಿಬಿದ್ದ. ನೆಪ ಹೇಳಿದ್ರೆ ನೆಪಕ್ಕೊಂದು ಕೊನೆ ದಿನ ಇರುತ್ತೆ. ಆಮೇಲೆ ಒಂದೇ ಉತ್ತರ ಉಳೀತು: "ಕುಡಿಯಲ್ಲ ಕಣೋ. ಟೀ ಕುಡಿಯೋಣ ಬಾ."

ಹತ್ತು ತಿಂಗಳು ಚೆನ್ನಾಗಿತ್ತು. ಬೆಲೆ ಬಿದ್ದಾಗ ಏನು ಮಾಡಬೇಕು ಅಂತ ಮ್ಯಾಪಿನ ಹಿಂದೆ ಎಲ್ಲ ಬರೆದಿತ್ತು. ಬೆಲೆ ಎದ್ದರೆ? 2025ರಲ್ಲಿ ಕೊಬ್ಬರಿ ಎಲ್ಲರ ಲೆಕ್ಕ ಮೀರಿ ಎದ್ದಿತು, ಕ್ವಿಂಟಲ್ 25 ಸಾವಿರ ದಾಟಿತು. ಮಾರ್ಕೆಟ್‌ನಲ್ಲಿ ಹಬ್ಬ. ಹಳೇ ಬಾಕಿ ಎಲ್ಲ ವಸೂಲು. ಆ ಸಂಜೆ ಅಣ್ಣ ಸ್ಕೂಟರಿನ ಟೈರ್ ತೋರಿಸಬೇಕು ಅಂತ ಬಿ.ಎಚ್. ರೋಡಿಗೆ ಹೋದ. ಟೈರ್ ಅಂಗಡಿ ಎದುರಿಗೆ ಬೇಕರಿ. ಬೇಕರೀಲಿ ನಾಲ್ಕು ಜನ. ಅದೇ ಟೈರನ್ನ ಹಿಂದಿನ ಬೀದೀಲೂ ನೋಡ್ತಾರೆ. ಇಂಥ ಸಣ್ಣ ಸಣ್ಣ, ಸಂಬಂಧವೇ ಇಲ್ಲ ಅನ್ನಿಸೋ ತೀರ್ಮಾನಗಳೇ ಕಾಲನ್ನ ಆ ಕಡೆ ಒಯ್ಯೋದು ಅಂತ ಅವನೇ ಆಮೇಲೆ ಕಿರ್ದಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಬರೆದು ಕಂಡ್ಕೊಂಡ.

ಎರಡು ದಿನ ಕುಡಿದ. ಎರಡನೇ ದಿನ ಕುಡಿದದ್ದು ಖುಷಿಗಲ್ಲ. "ಹತ್ತು ತಿಂಗಳು ಮಣ್ಣುಪಾಲಾಯ್ತು, ಇನ್ನೇನಿದೆ" ಅಂತ ಕುಡಿದ. ಮಾರ್ಲಟ್ ಹೆಚ್ಚು ಹೆದರಿದ್ದು ಈ ಎರಡನೇ ದಿನಕ್ಕೇ. ಒಂದು ಸಲ ಜಾರೋದು ಬೇರೆ, ಪೂರ್ತಿ ಉರುಳೋದು ಬೇರೆ. ಎರಡರ ನಡುವೆ ನಿಲ್ಲೋದು ಆ ಒಂದು ಯೋಚನೆ. ಮೂರನೇ ದಿನ ಬೆಳಗ್ಗೆ ಅತ್ತಿಗೆ ಕೂಗಾಡಲಿಲ್ಲ. ಅಳಲೂ ಇಲ್ಲ. ದೇವರ ಫೋಟೋ ಹಿಂದೆ ಸಿಕ್ಕಿಸಿದ್ದ ಕಾರ್ಡ್ ತೆಗೆದು ಅವನ ಮುಂದೆ ಇಟ್ಟರು. ಅದರಲ್ಲಿ ಅವನದೇ ಅಕ್ಷರ: ಜಾರಿದರೆ ಮೊದಲು ಯಾರಿಗೆ ಫೋನು, ಎಷ್ಟು ಗಂಟೆಯೊಳಗೆ. ಫೋನ್ ಮಾಡಿದ. ಮಾರನೇ ದಿನ ಇಬ್ಬರೂ ರೈಲು ಹತ್ತಿದ್ರು.

"ಎಲ್ಲಾ ಹಾಳಾಯ್ತು ಮೇಡಂ" ಅಂದನಂತೆ. ಮೇಡಂ ಕೇಳಿದ್ರಂತೆ, "ಅಟ್ಟದಲ್ಲಿ ಹತ್ತು ಕಾಯಿ ಕೊಳೆತರೆ ಏನು ಮಾಡ್ತೀರ ಸರ್?" "ಆರಿಸಿ ಬಿಸಾಕ್ತೀವಿ." "ಅಟ್ಟಕ್ಕೇ ಬೆಂಕಿ ಇಡಲ್ವಾ?" ಅಣ್ಣ ಇದನ್ನ ನನಗೆ ಫೋನಲ್ಲಿ ಹೇಳೋವಾಗ ನಗ್ತಿದ್ದ, ಮೂಗೂ ಏರಿಸ್ತಿದ್ದ. ಆ ದಿನ ಮ್ಯಾಪಿಗೆ ಹನ್ನೆರಡನೇ ಚುಕ್ಕೆ ಬಂತು, ಟೈರ್ ಅಂಗಡಿ. ಹಿಂದಿನ ಪುಟದಲ್ಲಿ "ಬೆಲೆ ಎದ್ದರೆ" ಅಂತ ಹೊಸ ಪಟ್ಟಿ.

ಸಿಬಿಟಿ ಒಂದೇ ಎಲ್ಲ ಮಾಡಿತು ಅಂದ್ರೆ ಸುಳ್ಳಾಗುತ್ತೆ. ಮಾತ್ರೆ ಇತ್ತು, ಇನ್ನೂ ಇದೆ. ಅತ್ತಿಗೆ ಇದ್ರು. ತುಮಕೂರಿನ ಎಎ ಮೀಟಿಂಗಿಗೆ ಎರಡು ಸಲ ಹೋದ, ಅವನಿಗೆ ಹಿಡಿಸಲಿಲ್ಲ. ಅವನ ವಾರ್ಡಿನ ಗೆಳೆಯನಿಗೆ ಅದೇ ಜೀವ ಉಳಿಸಿತು. ಜೊತೆಗೆ ನಾವು ಬೆಂಗಳೂರಿಗೆ ಎರಡೂವರೆ ಗಂಟೆ ದೂರದವರು, ನಾನು ಇಲ್ಲೇ ಕೆಲಸದಲ್ಲಿದ್ದೆ. ಬೀದರಿನವರಿಗೆ ಈ ಲೆಕ್ಕ ಬೇರೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ, ಮದ್ಯದ ಚಟಕ್ಕೆ ಸಿಕ್ಕಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮಂದಿ ನಮ್ಮ ನಿಮ್ಮ ಬೀದಿಯವರೇ.

ನಿಮ್ಹಾನ್ಸ್‌ವರೆಗೂ ಬರಲಾಗದಿದ್ರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸೋ ಮನೋಚೈತನ್ಯ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ. ಯಾರಿಗೂ ಮುಖ ತೋರಿಸೋಕೆ ಇಷ್ಟ ಇಲ್ಲದಿದ್ರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸೋ ರಾಷ್ಟ್ರೀಯ ಸಹಾಯವಾಣಿ 14446. ಡಾಕ್ಟರ್ ಹತ್ತಿರ ಹೋದಾಗ ಕುಡಿತದ ಜೊತೆ ಭಯ, ಬೇಸರ, ನಿದ್ದೆಗೇಡು ಏನಿದೆಯೋ ಅದನ್ನೂ ಹೇಳಿ. ಸಾಯೋ ಯೋಚನೆ ಬಂದಿದ್ರೆ ಅದನ್ನ ಮೊದಲು ಹೇಳಿ.

ಕಳೆದ ತಿಂಗಳು ಊರಿಗೆ ಹೋದಾಗ ಮಂಡಿಯಲ್ಲಿ ಒಂದು ವಿಷಯ ನಡೀತು. ಅಣ್ಣನ ಹತ್ತಿರ ಹದಿನೈದು ವರ್ಷದಿಂದ ಚೀಲ ಹೊರೋ ಹಮಾಲರೊಬ್ಬರು ಇದ್ದಾರೆ, ವಯಸ್ಸು ಐವತ್ತರ ಮೇಲೆ. ಮಂಗಳವಾರ ನಿಮ್ಮ ಜೊತೆ ಆಸ್ಪತ್ರೆಗೆ ಬರ್ತೀನಿ ಅಂದಿದ್ರಂತೆ. ಅಣ್ಣ ತನ್ನ ಮ್ಯಾಪನ್ನ ಝೆರಾಕ್ಸ್ ಮಾಡಿಸಿ ಅವರ ಕೈಗೆ ಕೊಟ್ಟು ಒಂದೊಂದೇ ಚುಕ್ಕೆ ವಿವರಿಸಿದ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದ್ರು.

"ಇದ್ರಲ್ಲಿ ನಂದು ಯಾವ್ದೂ ಇಲ್ವಲ್ಲಪ್ಪೋ" ಅಂದ್ರು. "ಎಟಿಎಂ ನಂಗೆಲ್ಲೈತೆ. ಬೇಕರಿ ಒಳಿಕ್ಕೆ ನಾನು ಓಗಿದ್ದೇ ಇಲ್ಲ."

ಅಣ್ಣ ತಲೆ ಕೆರ್ಕೊಂಡ. ಆಮೇಲೆ ಗಾದಿ ಕೆಳಗಿನಿಂದ ಲಾಂಗ್ ನೋಟ್‌ಬುಕ್ ತೆಗೆದು, ಒಂದು ಖಾಲಿ ಹಾಳೆ ಹರಿದು, ನಡುವೆ ಬಿ.ಎಚ್. ರೋಡಿನ ಗೆರೆ ಎಳೆದ. "ಬಾ, ಕೂತ್ಕೊ. ನೀನು ಬೆಳಗ್ಗೆ ಎಷ್ಟೊತ್ತಿಗೆ ಮನೆ ಬಿಡ್ತೀಯ, ಅಲ್ಲಿಂದ ಹೇಳು."